ಮಕ್ಕಳ ವಾರ್ಡಿಗೆ ಹಾಡು ಒಯ್ಯುವವರಿಗೆ

ಸಂಗೀತ ಚಿಕಿತ್ಸೆಯ ಇಂಟರ್ನ್ ಆಗಿ ಮಕ್ಕಳ ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ಚೆನ್ನಾಗಿಯೇ ಹಾಡುತ್ತಾರೆ. ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಿರುತ್ತಾರೆ, ಜೊತೆಗೆ ಗಿಟಾರೋ ಕೀಬೋರ್ಡೋ ಕೈಗೆ ಬಂದಿರುತ್ತದೆ. ಕಲಿಯುವುದು ಕಷ್ಟವಾಗುವುದೂ ಆ ಕಾರಣಕ್ಕೇ. ಕಚೇರಿಯಲ್ಲಿ ಹಾಡುವವರು ಶ್ರುತಿ ಹಿಡಿದು ಕಾಲಪ್ರಮಾಣ ಗೊತ್ತುಮಾಡುತ್ತಾರೆ, ಪಕ್ಕವಾದ್ಯದವರು ಜೊತೆಗೂಡುತ್ತಾರೆ. ವಾರ್ಡಿನಲ್ಲಿ ನಾವೇ ಪಕ್ಕವಾದ್ಯ. ಅಲ್ಲಿ ಮುಖ್ಯ ಗಾಯನ ಮಗುವಿನ ಉಸಿರು, ಮಗುವಿನ ಅಳು, ಹೊದಿಕೆಯ ಕೆಳಗೆ ಆಡುವ ಕಾಲ್ಬೆರಳು. ಇಷ್ಟು ಮನಸ್ಸಿಗೆ ಇಳಿಯಲು ಕೆಲವರಿಗೆ ಎರಡು ವಾರ ಸಾಕು, ಕೆಲವರಿಗೆ ಎರಡು ತಿಂಗಳು ಬೇಕು.

ಹಾಗಾಗಿ ಮೊದಲ ವಾರ ವಾದ್ಯ ಚೀಲದಲ್ಲೇ ಇರಲಿ. ವಾರ್ಡಿನ ಒಂದು ಮೂಲೆಯಲ್ಲಿ ಹದಿನೈದು ನಿಮಿಷ ಕೂತು ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳಿ: ಔಷಧಿ ಹನಿಸುವ ಇನ್ಫ್ಯೂಷನ್ ಪಂಪಿನ ಬೀಪ್, ಸಕ್ಷನ್ ಯಂತ್ರದ ಗೊರಗೊರ, ನೆಬ್ಯುಲೈಜರಿನ ಗುಂಯ್, ಟ್ರಾಲಿ ಚಕ್ರದ ಕಿರಿಕಿರಿ, ಮೂರು ಹಾಸಿಗೆಗಳಲ್ಲಿ ಮೂರು ಮೊಬೈಲಿನ ಕಾರ್ಟೂನು, ಕಿಟಕಿಯಾಚೆ ಬಿಎಂಟಿಸಿ ಬಸ್ಸಿನ ಹಾರ್ನು. ಬೆಳಗ್ಗೆ ರೌಂಡ್ಸ್ ಹೊತ್ತಿಗೆ ಒಮ್ಮೆ, ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ, ಸಂಜೆ ಡ್ಯೂಟಿ ಬದಲಾಗುವಾಗ ಒಮ್ಮೆ ಹೀಗೆ ಮಾಡಿ. ಆಮೇಲೆ ತಂಬೂರ ಆ್ಯಪ್ ತೆಗೆದು ಪಂಪಿನ ಬೀಪ್ ಯಾವ ಸ್ವರದಲ್ಲಿದೆ ಎಂದು ಹುಡುಕಿ. ನೀವು ಹಾಡುವ ಶ್ರುತಿಯ ಷಡ್ಜವೋ ಪಂಚಮವೋ ಆ ಸ್ವರದ ಮೇಲೆ ಬೀಳುವಂತೆ ಶ್ರುತಿಯನ್ನು ಸರಿಸಿಕೊಂಡರೆ ಬೀಪ್ ಅಪಸ್ವರವಾಗಿ ಚುಚ್ಚುವುದಿಲ್ಲ, ಹಾಡಿನೊಳಗೇ ಕೂತುಬಿಡುತ್ತದೆ. ಹಗಲೂ ರಾತ್ರಿ ಆ ಬೀಪ್ ಕೇಳುವ ಮಗುವಿಗೆ ಇದೊಂದೇ ಎಷ್ಟೋ ನೆಮ್ಮದಿ.

ಪಲ್ಸ್ ಆಕ್ಸಿಮೀಟರಿನ ಸದ್ದನ್ನು ಮಾತ್ರ ಬೇರೆಯಾಗಿಯೇ ಕಲಿಯಬೇಕು. ನಾಡಿಬಡಿತದ ಸದ್ದು ಆನ್ ಇದ್ದರೆ, ರಕ್ತದಲ್ಲಿ ಆಮ್ಲಜನಕದ ಮಟ್ಟ ಇಳಿದಂತೆ ಆ ಸದ್ದಿನ ಸ್ವರವೂ ಕೆಳಗಿಳಿಯುತ್ತದೆ. ಸ್ವರಜ್ಞಾನ ಇರುವವರಿಗೆ ಪರದೆ ನೋಡದೆಯೇ ಗೊತ್ತಾಗುತ್ತದೆ. ಮಗುವಿನ ಮುಖದಿಂದ ಕಣ್ಣು ತೆಗೆಯದೆ ಹಾಡಲು ಇದು ದೊಡ್ಡ ಸಹಾಯ. ಸ್ವರ ಇಳಿಯಿತು ಅನಿಸಿದರೆ ಹಾಡು ನಿಲ್ಲಿಸಿ, ಸಿಸ್ಟರ್ ಕಡೆ ನೋಡಿ. ಬೆರಳಿನ ಕ್ಲಿಪ್ ಜಾರಿದ್ದರೂ ಅಂಕಿ ಇಳಿಯುತ್ತದೆ, ಆದರೆ ಅದನ್ನು ನಿರ್ಧರಿಸುವುದು ನಮ್ಮ ಕೆಲಸವಲ್ಲ.

ಕೈ ತೊಳೆಯುವುದನ್ನು ಎಲ್ಲರೂ ಬಲ್ಲೆವು ಅಂದುಕೊಂಡಿರುತ್ತಾರೆ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ 40ರಿಂದ 60 ಸೆಕೆಂಡ್. ಮಗುವನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ, ಮಗುವಿನ ಹಾಸಿಗೆ, ಕಂಬಿ, ಆಟಿಕೆ ಮುಟ್ಟಿದ ಮೇಲೆ. ಉಂಗುರ, ಬಳೆ, ವಾಚು, ಮಣಿಕಟ್ಟಿನ ದಾರ ಎಲ್ಲ ಮನೆಯಲ್ಲೇ ಇರಲಿ, ತೋಳು ಮೊಣಕೈವರೆಗೆ ಮಡಚಿರಲಿ. ವೀಣೆ, ಗಿಟಾರ್ ನುಡಿಸುವವರು ಉಗುರು ಬೆಳೆಸಿಕೊಂಡಿರುತ್ತಾರೆ. ನವಜಾತ ಶಿಶುಗಳ ಘಟಕಕ್ಕೆ ಹೋಗುವುದಾದರೆ ಕತ್ತರಿಸಲೇಬೇಕು. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಮುಗಿಯಲು ಆರು ತಿಂಗಳು ಹಿಡಿಯುತ್ತದೆ, ಆದ್ದರಿಂದ ಸೇರುವ ಯೋಚನೆ ಬಂದ ದಿನವೇ ಶುರುಮಾಡಿ. ಸೀತಾಳೆ ಸಿಡುಬು ಬಂದಿತ್ತೇ, ಲಸಿಕೆ ಆಗಿದೆಯೇ ಎಂದು ಮನೆಯಲ್ಲಿ ಅಮ್ಮನನ್ನು ಕೇಳಿ ಬರೆದಿಟ್ಟುಕೊಳ್ಳಿ. ಕೀಮೋ ನಡೆಯುತ್ತಿರುವ ಮಗುವಿಗೆ ಅದು ತಗುಲಿದರೆ ಪ್ರಾಣಕ್ಕೇ ಕುತ್ತು.

ವಾರ್ಡಿಗೆ ಕಾಲಿಟ್ಟ ಕೂಡಲೇ ಮಗುವಿನ ಬಳಿ ಹೋಗಬೇಡಿ. ಮೊದಲು ಡ್ಯೂಟಿ ಸಿಸ್ಟರ್ ಬಳಿ ಹೋಗಿ ಮೂರು ಪ್ರಶ್ನೆ ಕೇಳಿ. “ಸಿಸ್ಟರ್, ಆರನೇ ಬೆಡ್ ಮಗು ಊಟ ಮಾಡಿದೆಯಾ, ನಿಲ್ಸಿದ್ದಾರಾ? ಇನ್ನೊಂದು ಗಂಟೆಯಲ್ಲಿ ಏನಾದ್ರೂ ಪ್ರೊಸೀಜರ್ ಇದೆಯಾ? ಯಾರಿಗಾದ್ರೂ ಐಸೋಲೇಷನ್ ಇದೆಯಾ?” ಈ ಮೂರಕ್ಕೆ ಉತ್ತರ ಸಿಕ್ಕರೆ ದಿನದ ಅರ್ಧ ಕೆಲಸ ಮುಗಿದಂತೆ. ಆಪರೇಷನ್‌ಗೆಂದು ಉಪವಾಸ ಇಟ್ಟ ಮಗುವಿನ ಮುಂದೆ ತಿಂಡಿಯ ಹಾಡು ಹಾಡಿದರೆ ಮಗುವೂ ಅಳುತ್ತದೆ, ಅಮ್ಮನೂ ಅಳುತ್ತಾರೆ. ಐಸೋಲೇಷನ್ ಗೊತ್ತಾದರೆ ಸುತ್ತಾಟದ ಕ್ರಮವೂ ಗೊತ್ತಾಗುತ್ತದೆ. ಬಿಳಿ ರಕ್ತಕಣ ಕಡಿಮೆಯಿರುವ ಮಕ್ಕಳ ಬಳಿ ಮೊದಲು, ಸಾಮಾನ್ಯ ವಾರ್ಡಿಗೆ ಆಮೇಲೆ, ಭೇದಿ ಜ್ವರದ ಕೋಣೆಗೆ ಕೊನೆಗೆ. ಈ ಕ್ರಮ ತಪ್ಪಿದರೆ ಸೋಂಕು ಒಂದು ಕೋಣೆಯಿಂದ ಇನ್ನೊಂದಕ್ಕೆ ನಮ್ಮ ಕೈಯಲ್ಲೇ ಹೋಗುತ್ತದೆ.

ದಿನ ತುಂಬದ ಶಿಶುಗಳ ಬಳಿ

ಇಂಟರ್ನ್‌ಗಳು ಆಸೆಯಿಂದ ಹೋಗುವುದೂ, ಹೆಚ್ಚು ಎಚ್ಚರ ಬೇಕಾಗಿರುವುದೂ ನವಜಾತ ಶಿಶುಗಳ ಈ ಘಟಕದಲ್ಲಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1997ರಲ್ಲಿ ಹೇಳಿದ ಪ್ರಕಾರ ಇಲ್ಲಿನ ಸದ್ದು 45 ಡೆಸಿಬೆಲ್ ದಾಟಬಾರದು. ನಾವು ಎದುರುಬದುರು ಕೂತು ಮಾತಾಡುವುದೇ 60ರ ಆಸುಪಾಸು. ಅಂದರೆ ನಾವು ಹಾಡಲು ಬಾಯಿ ತೆರೆಯುವ ಮುಂಚೆಯೇ ಘಟಕ ಗದ್ದಲದಲ್ಲಿರುತ್ತದೆ. ಫೋನಿನ ಡೆಸಿಬೆಲ್ ಆ್ಯಪ್ ನಿಖರವಲ್ಲ. ಆದರೂ ಈಗ ಎಷ್ಟು, ಹಾಡುವಾಗ ಎಷ್ಟು ಎಂದು ಹೋಲಿಸಲು ಸಾಕು. ಇನ್‌ಕ್ಯುಬೇಟರಿನ ಮೇಲೆ ಫೈಲ್ ಇಡುವುದು, ಬೆರಳಲ್ಲಿ ತಟ್ಟುವುದು, ಅದರ ಕಿಟಕಿಯನ್ನು ಠಪ್ಪೆಂದು ಮುಚ್ಚುವುದು ಒಳಗಿರುವ ಮಗುವಿಗೆ ಗುಡುಗು. ಎಷ್ಟೋ ದಿನ ಇಲ್ಲಿ ನಾವು ಮಾಡಬಹುದಾದ ಅತ್ಯುತ್ತಮ ಚಿಕಿತ್ಸೆ ಎಂದರೆ ಆ ಸದ್ದುಗಳನ್ನು ಪಟ್ಟಿ ಮಾಡಿ ಸಿಸ್ಟರ್ ಜೊತೆ ಕೂತು ಒಂದೊಂದನ್ನೇ ಕಡಿಮೆ ಮಾಡುವುದು.

28 ವಾರಕ್ಕಿಂತ ಮುಂಚೆ ಹುಟ್ಟಿ ಇನ್ನೂ ಆ ಹಂತದಲ್ಲೇ ಇರುವ ಮಗುವಿಗೆ ನಮ್ಮ ಹಾಡು ಬೇಡ. ಅಮ್ಮನ ಮೆಲುದನಿ ಸಾಕು. ಆಮೇಲಿನ ವಾರಗಳಲ್ಲಿ, ವೈದ್ಯರು ಒಪ್ಪಿದರೆ, ಬಾಯಿ ಮುಚ್ಚಿಕೊಂಡು ಗುನುಗುವುದು. 32 ವಾರ ದಾಟಿದ, ಸ್ಥಿರವಾಗಿರುವ ಮಗುವಿಗೆ ಹಾಡು, ಮೆಲ್ಲಗೆ ತಟ್ಟುವುದು, ತೂಗುವುದು ಇವನ್ನು ಒಂದಾದ ಮೇಲೊಂದು ಸೇರಿಸಬಹುದು. ಒಂದೇ ಸಲ ಎರಡು ಹೊಸದನ್ನು ಸೇರಿಸಬೇಡಿ. ಮಗು ಮುಖ ಸಿಂಡರಿಸಿದರೆ ಯಾವುದಕ್ಕೆ ಎಂದು ಗೊತ್ತಾಗುವುದಿಲ್ಲ. ಹತ್ತು ನಿಮಿಷ ಸಾಕು, ಇಪ್ಪತ್ತು ನಿಮಿಷ ಅಂದರೆ ಬಹಳ. ಬೆರಳುಗಳನ್ನು ಬೀಸಣಿಗೆಯಂತೆ ಅಗಲಿಸುವುದು, ಬಿಕ್ಕಳಿಕೆ, ಮೇಲಿಂದ ಮೇಲೆ ಆಕಳಿಕೆ, ಹುಬ್ಬು ಗಂಟಿಕ್ಕುವುದು, ಬೆನ್ನು ಬಿಲ್ಲಿನಂತೆ ಬಾಗುವುದು, ಚರ್ಮದ ಬಣ್ಣ ಮಾಸಲಾಗುವುದು, ಇವು “ಸಾಕು” ಎಂಬ ಮಾತು. ಆಕಳಿಕೆಯನ್ನು ನಿದ್ದೆ ಬಂತು ಎಂದು ಓದಿ ಇನ್ನಷ್ಟು ಹಾಡುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ಜೋಗುಳಕ್ಕೆ ನೀಲಾಂಬರಿ ಎಂಬ ಸಂಪ್ರದಾಯ ನಮ್ಮಲ್ಲಿದೆ. ಒಳ್ಳೆಯ ರಾಗ. ಆದರೆ ಅದರ ವಕ್ರ ಸಂಚಾರ, ಎಳೆದಾಡುವ ಗಮಕ ಈ ಪುಟ್ಟ ಮಿದುಳಿಗೆ ಹೊರೆ. ಇಲ್ಲಿ ಬೇಕಾಗಿರುವುದು ನಾಲ್ಕೈದು ಸ್ವರ, ಪಕ್ಕಪಕ್ಕದಲ್ಲೇ ಚಲಿಸುವ ಧಾಟಿ, ಮುಂದೇನು ಬರುತ್ತದೆಂದು ಮೊದಲೇ ತಿಳಿಯುವಷ್ಟು ಪುನರಾವರ್ತನೆ. ಇಂಥ ಕಾಯಿಲೆಗೆ ಇಂಥ ರಾಗ ಎಂದು ಓಡಾಡುವ ಪಟ್ಟಿಗಳನ್ನು ದಯವಿಟ್ಟು ಆಸ್ಪತ್ರೆಯೊಳಗೆ ತರಬೇಡಿ. ಮಗುವನ್ನು ನೋಡದೆ ಬರೆದ ಚೀಟಿ ಅದು.

ಜೋವಾನ್ ಲೋವಿ ಮತ್ತು ಜೊತೆಗಾರರು 2013ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿ ಇಂಟರ್ನ್ ಓದಲೇಬೇಕು. 11 ಆಸ್ಪತ್ರೆ, ದಿನ ತುಂಬದ 272 ಶಿಶುಗಳು. ಗರ್ಭದೊಳಗಿನ ಸದ್ದನ್ನು ನೆನಪಿಸುವ ಬಿಲ್ಲೆಯಾಕಾರದ ವಾದ್ಯ, ಎದೆಬಡಿತವನ್ನು ಹೋಲುವ ಮರದ ಪೆಟ್ಟಿಗೆ, ಹೆತ್ತವರೇ ಆರಿಸಿದ ಹಾಡು, ಈ ಮೂರನ್ನು ಮಗುವಿನ ಉಸಿರು, ನಾಡಿಗೆ ಹೊಂದಿಸಿ ಎದುರಿನಲ್ಲೇ ನುಡಿಸಿದರು, ಹಾಡಿದರು. ಎದೆಬಡಿತ ಇಳಿದದ್ದೂ ಹೆತ್ತವರ ಒತ್ತಡ ಕಡಿಮೆಯಾದದ್ದೂ ಅದರಲ್ಲಿ ದಾಖಲಾಗಿದೆ. ನನಗೆ ಮುಖ್ಯವಾಗಿ ಕಾಣುವುದು ಮೂರನೆಯದು. ಹಾಡು ಚಿಕಿತ್ಸಕರ ಸಂಗ್ರಹದಿಂದ ಬಂದದ್ದಲ್ಲ, ಆ ಮನೆಯದು.

ಅದನ್ನು ಇಲ್ಲಿ ಮಾಡುವುದು ಹೀಗೆ. ಅಮ್ಮನನ್ನು ಕೇಳಿದರೆ ಬರುವ ಮೊದಲ ಉತ್ತರ, “ನಂಗೆಲ್ಲಿ ಹಾಡೋಕ್ ಬರುತ್ತೆ ಮೇಡಂ.” ಅದಕ್ಕೆ “ಹಾಡಬೇಡಿ ಅಕ್ಕ, ಊರಲ್ಲಿ ತೊಟ್ಟಿಲು ತೂಗೋವಾಗ ಅಜ್ಜಿ ಏನ್ ಅಂತಿದ್ರು, ಅದನ್ನ ಹೇಳಿ ಸಾಕು” ಅನ್ನಿ. ಸಾಲು ನೆನಪಾಗುತ್ತದೆ, ಸಾಲಿನ ಹಿಂದೆ ಧಾಟಿ ತಾನಾಗಿ ಬರುತ್ತದೆ. ಉತ್ತರ ಕರ್ನಾಟಕದ ಕಡೆಯವರಾದರೆ ತ್ರಿಪದಿ ಸಿಗುತ್ತದೆ. ಬೀಸುಕಲ್ಲಿನ ಜೊತೆ ಬೆಳೆದ ಆ ನಡೆಯಲ್ಲೇ ತೂಗಾಟವಿದೆ. ಸಿನಿಮಾ ಹಾಡೇ ಸಿಕ್ಕರೂ ಬೇಸರ ಬೇಡ. ಅವರ ಶ್ರುತಿಯನ್ನು ಹಿಡಿಯಿರಿ. ಹೆರಿಗೆಯಾಗಿ ನಾಲ್ಕು ದಿನವಾದ ಹೆಂಗಸಿನ ದನಿ ಸಾಮಾನ್ಯವಾಗಿ ತಗ್ಗಿರುತ್ತದೆ, ಹೊಲಿಗೆ ಹಾಕಿದ್ದರೆ ಉಸಿರೂ ಗಿಡ್ಡ. ಎರಡು ಸಾಲು ಮಾತ್ರ ಇಟ್ಟುಕೊಳ್ಳಿ, ವೇಗವನ್ನು ಅರ್ಧಕ್ಕೆ ಇಳಿಸಿ, ಸಂಗತಿಗಳನ್ನು ಕಳಚಿ, ಮೂರೆಣಿಕೆಯ ತೂಗಾಟಕ್ಕೆ ತನ್ನಿ. ಮೊದಲು ಮಾತಿನೊಂದಿಗೆ, ಆಮೇಲೆ ಬರೀ ಗುನುಗು. ಕಾಂಗರೂ ಆರೈಕೆಗೆ ಮಗು ಎದೆಯ ಮೇಲಿರುವಾಗ ಅಮ್ಮ ಗುನುಗಿದರೆ ಎದೆಗೂಡಿನ ಕಂಪನ ನೇರವಾಗಿ ಮಗುವಿಗೆ ಮುಟ್ಟುತ್ತದೆ. ಅಷ್ಟಾದ ಮೇಲೆ ನೀವು ಸುಮ್ಮನಾಗಿ. ಅಮ್ಮನ ದನಿ ನಡೆಯುತ್ತಿರುವಾಗ ಚೆಂದಕ್ಕೆಂದು ನಿಮ್ಮ ದನಿ ಸೇರಿಸಿದರೆ ಅವರು ಹಾಡುವುದನ್ನೇ ನಿಲ್ಲಿಸುತ್ತಾರೆ.

ಸೂಜಿ ಚುಚ್ಚುವ ಹೊತ್ತು

ಡ್ರಿಪ್ಪಿಗೆ ಕ್ಯಾನುಲಾ ಹಾಕುವುದು, ರಕ್ತ ತೆಗೆಯುವುದು, ಸುಟ್ಟ ಗಾಯದ ಡ್ರೆಸ್ಸಿಂಗ್, ಹೃದಯದ ಸ್ಕ್ಯಾನ್ ಆದ ಎಕೋ. ಇಲ್ಲಿ ಹೊಸಬರ ಮೊದಲ ತಪ್ಪು, ಕಿರುಚುವ ಮಗುವಿನ ಮೇಲೆ ಮೆತ್ತನೆಯ ಜೋಗುಳ ಹೊದಿಸುವುದು. ಮಗುವಿಗೆ ಅದು ಕೇಳುವುದೂ ಇಲ್ಲ, ಕೇಳಿದರೂ ತನ್ನ ಸಂಕಟ ಯಾರಿಗೂ ಕಾಣುತ್ತಿಲ್ಲ ಎಂದೇ ಅನಿಸುತ್ತದೆ. ಮಗು ಎಲ್ಲಿದೆಯೋ ಅಲ್ಲಿಂದ ಶುರುಮಾಡಬೇಕು. ಇದಕ್ಕೆ ಐಸೋ ತತ್ವ ಎಂದು ಹೆಸರು, 1940ರ ದಶಕದಲ್ಲಿ ಇರಾ ಆಲ್ಟ್‌ಶುಲರ್ ಎಂಬ ಮನೋವೈದ್ಯರು ಬಳಕೆಗೆ ತಂದದ್ದು. ಅಳು ಜೋರಾಗಿದ್ದರೆ ಗಿಟಾರ್ ಮೀಟುವುದೂ ಜೋರಾಗಿ, ನಿಮಿಷಕ್ಕೆ 120, 130ರ ವೇಗದಲ್ಲಿ. ಮಗು ಎಳೆಯುವ ಸ್ವರವನ್ನೇ ಎತ್ತಿಕೊಂಡು ಹಾಡಿಗೆ ಸೇರಿಸಿ. ಅಳುವಿನ ನಡುವೆ ಉಸಿರು ತೆಗೆದುಕೊಳ್ಳುವ ಜಾಗ ಸಿಕ್ಕಿದಾಗ ಹಿಡಿತ ಸಿಕ್ಕಿತು ಎಂದರ್ಥ. ಅಲ್ಲಿಂದ ಎರಡೆರಡು ಸಾಲಿಗೆ ಐದೈದು ಬೀಟ್ ಇಳಿಸುತ್ತ 70, 80ಕ್ಕೆ ತನ್ನಿ. ಮನೆಯಲ್ಲಿ ಮೆಟ್ರೊನೋಮ್ ಇಟ್ಟುಕೊಂಡು ನಾಲ್ಕು ನಿಮಿಷದಲ್ಲಿ 120ರಿಂದ 70ಕ್ಕೆ ಇಳಿಯುವುದನ್ನು ರೆಕಾರ್ಡ್ ಮಾಡಿ ಕೇಳಿ. ಕಾಲ ಕಾಪಾಡುವುದನ್ನೇ ವರ್ಷಗಟ್ಟಲೆ ಕಲಿತವರಿಗೆ ಕಾಲವನ್ನು ಬೇಕೆಂದೇ ಜಾರಿಸುವುದು ಕಷ್ಟ. ಹೆಚ್ಚಿನವರು ಮೂರನೇ ನಿಮಿಷದಲ್ಲಿ ಒಮ್ಮೆಗೇ ಧುಮುಕುತ್ತಾರೆ, ಮಗು ಅಲ್ಲಿ ಕೈ ಬಿಟ್ಟುಹೋಗುತ್ತದೆ.

ಎರಡನೇ ತಪ್ಪು ಮಗುವಿಗೆ ಬಹಳ ಇಷ್ಟವಾದ ಹಾಡನ್ನು ಸೂಜಿ ಚುಚ್ಚುವಾಗಲೇ ಹಾಡುವುದು. ಅದೇ ಹಾಡು ಆಮೇಲೆ ನೋವಿನ ನೆನಪಾಗಿ ಅಂಟಿಕೊಳ್ಳಬಹುದು. ಇಷ್ಟದ ಹಾಡು ಮುಗಿದ ಮೇಲೆ ಸಮಾಧಾನಕ್ಕಿರಲಿ. ಸೂಜಿಗೆಂದೇ ಒಂದು ಹೊಸ ಹಾಡು ಕಟ್ಟಿ. “ಈ ಕೈ ಮಲಗಿದೆ, ಆ ಕೈ ಎದ್ದಿದೆ” ಎನ್ನುವಷ್ಟು ಸಾಕು. ಮಲಗಿದ ಕೈ ಸಿಸ್ಟರ್‌ಗೆ, ಎದ್ದ ಕೈಯಲ್ಲಿ ಒಂದು ಶೇಕರ್. ಸಾಲಿನ ಕೊನೆಯ ಪದವನ್ನು ಬಿಟ್ಟು ಕಾಯಿರಿ, ಮಗು ತುಂಬಲಿ. ಪದ ಹೇಳಲು ಉಸಿರು ಬಿಡಲೇಬೇಕು, ಉಸಿರು ಬಿಡುವಾಗ ಬಿಗಿದ ತೋಳು ಸಡಿಲವಾಗುತ್ತದೆ. ಸೂಜಿಯ ಕೆಲಸ ಸುಲಭವಾಗುವುದೂ ಆಗಲೇ.

ಕೂರುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮಗುವನ್ನು ಅಂಗಾತ ಮಲಗಿಸಿ ನಾಲ್ಕು ಜನ ಹಿಡಿಯುವ ಬದಲು ಅಮ್ಮನ ಮಡಿಲಲ್ಲಿ ಕೂರಿಸಬಹುದೇ ಎಂದು ಸಿಸ್ಟರನ್ನು ಕೇಳಿ. ಸೂಜಿಯ ಕೈ ಒಂದು ಕಡೆ, ನೀವು ಇನ್ನೊಂದು ಕಡೆ, ಮಗುವಿನ ಕಣ್ಣಿನ ಮಟ್ಟದಲ್ಲಿ. ಗಿಟಾರಿನ ಕತ್ತು ಡ್ರಿಪ್ ಸ್ಟ್ಯಾಂಡಿಗೆ ತಾಗುತ್ತದೆ, ಹಾಗಾಗಿ ಇಕ್ಕಟ್ಟಾದ ಪ್ರೊಸೀಜರ್ ಕೋಣೆಗೆ ಪುಟ್ಟ ಗಿಟಾರಿನಂಥ ಯುಕುಲೇಲಿ ವಾಸಿ. ಮರಗಟ್ಟಿಸುವ ಎಂಲಾ ಕ್ರೀಮ್ ಹಚ್ಚಿದ್ದರೆ ಅದು ಕೆಲಸ ಮಾಡಲು ಒಂದು ಗಂಟೆ ಬೇಕು. ಹಚ್ಚಿದ ಸಮಯ ಕೇಳಿಕೊಂಡು ಅದಕ್ಕೆ ಸರಿಯಾಗಿ ಬನ್ನಿ, ಮೊದಲ ಹತ್ತು ನಿಮಿಷ ಬರೀ ಪರಿಚಯಕ್ಕಿರಲಿ. “ಹಾಡೋಣ್ವಾ?” ಎಂದು ಕೇಳಿದರೆ ಮಗು “ಬೇಡ” ಅನ್ನುತ್ತದೆ, ಹಾಗೆ ಅಂದ ಮೇಲೆ ನೀವು ನಿಲ್ಲಿಸಲೇಬೇಕು. “ಕೆಂಪು ಶೇಕರ್ರಾ, ಹಳದೀದಾ?” ಎಂದು ಕೇಳುವುದು ಮೇಲು. “ಆಯ್ತು ಆಯ್ತು, ಏನೂ ಆಗಲ್ಲ” ಎಂಬ ಸುಳ್ಳನ್ನು ಹಾಡಿನಲ್ಲಿ ಸೇರಿಸಬೇಡಿ. ಮೂರು ಎಣಿಸಿ ಚುಚ್ಚುತ್ತಾರೆ ಎಂದು ನೀವಾಗಿ ಮಾತು ಕೊಡಬೇಡಿ. ಡಾಕ್ಟರ್ ಎರಡಕ್ಕೇ ಚುಚ್ಚಿದರೆ ಮಗು ಮುಂದೆ ನಿಮ್ಮನ್ನು ನಂಬುವುದಿಲ್ಲ.

ಎಕೋ ಪರೀಕ್ಷೆಗೆ ಮಗು ಮಲಗಬೇಕಾಗುತ್ತದೆ, ಅದಕ್ಕೆ ಟ್ರೈಕ್ಲೋಫಾಸ್ ಸಿರಪ್ ಕೊಡುವುದುಂಟು. ಕುಡಿಸಿದ ಕೂಡಲೇ ನಿದ್ದೆ ಬರುವುದಿಲ್ಲ, ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮಗು ರಚ್ಚೆ ಹಿಡಿದರೆ ಔಷಧಿ ವ್ಯರ್ಥ. ದೀಪ ತಗ್ಗಿಸಿ, ಒಂದೇ ಧಾಟಿಯನ್ನು ಮತ್ತೆ ಮತ್ತೆ ಹಾಡಿ. ಕಣ್ಣು ಮುಚ್ಚಿದ ಕ್ಷಣ ಹಾಡು ನಿಲ್ಲಿಸಿದರೆ ಮೌನಕ್ಕೇ ಎಚ್ಚರವಾಗುತ್ತದೆ. ಮೊದಲು ಮಾತು ಬಿಡಿ, ಆಮೇಲೆ ಗುನುಗು ಸಣ್ಣದು ಮಾಡಿ, ಆಮೇಲೆ ತಂಬೂರವೊಂದೇ ಇರಲಿ, ಕೊನೆಗೆ ಅದರ ವಾಲ್ಯೂಮ್ ತಿರುಗಿಸುತ್ತ ನಿಲ್ಲಿಸಿ. ಪೂರ್ತಿ ಇಳಿಯಲು ಐದು ನಿಮಿಷವಾದರೂ ಕೊಡಿ.

ಹೃದಯದ ತೊಂದರೆಯಿಂದ ತುಟಿ ನೀಲಿಯಾಗುವ ಮಕ್ಕಳ ವಿಷಯದಲ್ಲಿ ಒಂದು ಮಾತು. ಜೋರಾಗಿ ಅತ್ತರೆ ಕೆಲವು ಮಕ್ಕಳಿಗೆ ಆಮ್ಲಜನಕ ಒಮ್ಮೆಗೇ ಕುಸಿಯುತ್ತದೆ. ಮಗು ಇನ್ನಷ್ಟು ನೀಲಿಯಾಗಿ ಏದುಸಿರು ಬಿಟ್ಟರೆ ಹಾಡು ಅಲ್ಲಿಗೆ ಮುಗಿಯಿತು. ಸಿಸ್ಟರನ್ನು ಕೂಗಿ. ಮೊಣಕಾಲನ್ನು ಎದೆಗೆ ತರುವಂತೆ ಮಗುವನ್ನು ಮಡಚಿ ಹಿಡಿಯುವುದನ್ನು ಅವರು ಅಮ್ಮನಿಗೆ ಹೇಳಿಕೊಟ್ಟಿರುತ್ತಾರೆ. ನಿಮ್ಮ ಕೆಲಸ ಜಾಗ ಬಿಡುವುದು.

ಚೀಲದೊಳಗೆ

ನೈಲಾನ್ ತಂತಿಯ ಗಿಟಾರ್ ಅಥವಾ ಯುಕುಲೇಲಿ ಒಂದು. ಪ್ಲಾಸ್ಟಿಕ್ ಶೇಕರ್ ನಾಲ್ಕು. ಸಿಂಥೆಟಿಕ್ ಹೊದಿಕೆಯ, ಹತ್ತಿಂಚಿನ ಕೈಡೋಲು ಒಂದು. ಬಡಿದು ನುಡಿಸುವ ಲೋಹದ ಪಟ್ಟಿಗಳನ್ನು ಕಳಚಬಹುದಾದ ಸಣ್ಣ ಮೆಟಲೋಫೋನ್ ಒಂದು. ಎಲೆಕ್ಟ್ರಾನಿಕ್ ತಂಬೂರ, ಬೆಂಗಳೂರಿನದೇ ಆದ ರಾಡೆಲ್ ಪೆಟ್ಟಿಗೆಯಾದರೂ ಸರಿ, ಫೋನಿನ ಆ್ಯಪ್ ಆದರೂ ಸರಿ. ಇಷ್ಟು ಸಾಕು. ಮೆಟಲೋಫೋನಿನಲ್ಲಿ ಮಧ್ಯಮ, ನಿಷಾದದ ಪಟ್ಟಿಗಳನ್ನು ತೆಗೆದುಬಿಟ್ಟರೆ ಮೋಹನದ ಐದು ಸ್ವರ ಉಳಿಯುತ್ತದೆ. ಮಗು ಎಲ್ಲಿ ಬಡಿದರೂ ತಪ್ಪು ಸ್ವರ ಬರುವುದಿಲ್ಲ. ತಿಂಗಳುಗಟ್ಟಲೆ ಪರೀಕ್ಷೆಗಳಿಗೇ ಮೈಯೊಡ್ಡಿದ ಮಗುವಿಗೆ ತಪ್ಪಾಗಲು ಸಾಧ್ಯವೇ ಇಲ್ಲದ ಒಂದು ಆಟ ಕೊಡುವುದು ಎಷ್ಟು ದೊಡ್ಡದು ಎಂಬುದು ಅದರ ಮುಖ ನೋಡಿದರೆ ಗೊತ್ತಾಗುತ್ತದೆ.

ಖಂಜಿರ, ತಬಲಾದಂಥ ಚರ್ಮದ ವಾದ್ಯ ಒಳಗೆ ಬೇಡ, ಚರ್ಮವನ್ನು ಸೋಂಕುಮುಕ್ತ ಮಾಡಲಾಗದು. ಕೊಳಲು, ಮೌತ್ ಆರ್ಗನ್, ಪೀಪಿ ಕೊಟ್ಟರೆ ಆ ಮಗುವಿಗೇ ಕೊಟ್ಟುಬಿಡಬೇಕು, ವಾಪಸು ತೆಗೆದುಕೊಳ್ಳುವಂತಿಲ್ಲ. ಕೀಮೋದಿಂದ ಬಾಯಿ ಹುಣ್ಣಾಗಿರುವ ಮಗುವಿಗೆ ಅದೂ ಬೇಡ. ಮೂರು ವರ್ಷದೊಳಗಿನವರ ಕೈಗೆ 4.5 ಸೆಂಟಿಮೀಟರಿಗಿಂತ ಸಣ್ಣ ವಸ್ತು ಸಿಗಬಾರದು. ಬಿಡಿ ಗೆಜ್ಜೆ ಇದೇ ಕಾರಣಕ್ಕೆ ಅಪಾಯ.

ಚನ್ನಪಟ್ಟಣದ ಗಿಲಕಿ ನೋಡಿದರೆ ಯಾರಿಗಾದರೂ ಕೊಳ್ಳುವ ಆಸೆಯಾಗುತ್ತದೆ. ಆದರೆ ಅದರ ಹೊಳಪು ಅರಗಿನದು, ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಎರಡು ದಿನ ಒರೆಸಿದರೆ ಬಣ್ಣ ಕೈಗೆ ಅಂಟಿ, ಮರ ಬತ್ತಲಾಗಿ ತೇವ ಹೀರಲು ಶುರು. ಹತ್ತು ಮಕ್ಕಳ ಕೈ ದಾಟುವ ವಾದ್ಯವಾಗಿ ಅದು ಬೇಡ, ಒಂದು ಮಗುವಿಗೆ ಉಡುಗೊರೆಯಾಗಿ ಕೊಡಿ. ಗಿಟಾರಿಗೂ ಇದೇ ಮಾತು. ಅರಗಿನ ಪಾಲಿಶ್ ಇರುವ ಹಳೆಯ ವಾದ್ಯಕ್ಕಿಂತ ಪಾಲಿಯುರೆಥೇನ್ ಲೇಪದ ಅಗ್ಗದ ವಾದ್ಯವೇ ಆಸ್ಪತ್ರೆಗೆ ಸರಿ. ಬಟ್ಟೆಯ ಪಟ್ಟಿ ತೆಗೆದು ರೆಕ್ಸಿನ್ನಿನದು ಹಾಕಿ.

ಎರಡು ಡಬ್ಬ ಇಟ್ಟುಕೊಳ್ಳಿ, ಒಂದು ಒರೆಸಿದ್ದಕ್ಕೆ, ಒಂದು ಒರೆಸಬೇಕಾದ್ದಕ್ಕೆ. ವೈಪ್‌ನಿಂದ ಒರೆಸುವಾಗ ಪಾಕೆಟ್ ಮೇಲೆ ಬರೆದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಒರೆಸಿ ತಕ್ಷಣ ಬಟ್ಟೆಯಲ್ಲಿ ಒಣಗಿಸಿದರೆ ಪ್ರಯೋಜನವಿಲ್ಲ. ಭೇದಿಯ ಕೋಣೆಯಲ್ಲಿ ಆಲ್ಕೋಹಾಲ್ ನಂಬಬೇಡಿ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಅದಕ್ಕೆ ಸಾಯುವುದಿಲ್ಲ. ಆ ಕೋಣೆಯಿಂದ ಬಂದಾಗ ಕೈಗೆ ಸೋಪು ನೀರೇ ಬೇಕು, ವಾದ್ಯಕ್ಕೆ ಹೈಪೋಕ್ಲೋರೈಟ್. 5 ಶೇಕಡಾ ದ್ರಾವಣ 20 ಎಂಎಲ್‌ಗೆ ಒಟ್ಟು ಒಂದು ಲೀಟರ್ ಆಗುವಷ್ಟು ನೀರು ಬೆರೆಸಿದರೆ 0.1 ಶೇಕಡಾ ಆಗುತ್ತದೆ. ಆದರೆ ಪ್ರಮಾಣ, ಹೊತ್ತು ಎರಡನ್ನೂ ಆಸ್ಪತ್ರೆಯ ಸೋಂಕು ನಿಯಂತ್ರಣದ ಸಿಸ್ಟರ್ ಹೇಳಿದಂತೆ ಮಾಡಿ, ಬೀಜಕಣ ಇದೆಯೆಂದರೆ ಇನ್ನೂ ಗಟ್ಟಿ ದ್ರಾವಣ ಕೇಳುತ್ತಾರೆ. ದಿನಾ ಹೊಸದಾಗಿ ಬೆರೆಸಬೇಕು. ಲೋಹವನ್ನು ಅದು ತಿನ್ನುತ್ತದೆ, ಹಾಗಾಗಿ ಆ ಕೋಣೆಗೆ ಪ್ಲಾಸ್ಟಿಕ್ ಶೇಕರ್ ಬಿಟ್ಟು ಬೇರೇನೂ ಒಯ್ಯಬೇಡಿ.

ಬರೆದಿಡುವುದು

“ಮಗು ಖುಷಿಯಾಗಿತ್ತು” ಎಂಬುದು ನೋಟ್ಸ್ ಅಲ್ಲ. ಎರಡು ತಿಂಗಳಿಂದ ಏಳು ವರ್ಷದವರೆಗೆ ಫ್ಲ್ಯಾಕ್ ಎಂಬ ನೋವಿನ ಅಳತೆ ಕಲಿಯಿರಿ: ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನಗೊಳ್ಳುವಿಕೆ, ಪ್ರತಿಯೊಂದಕ್ಕೂ 0ರಿಂದ 2, ಒಟ್ಟು 10. ಹಾಡುವ ಮುಂಚೆ ಕನಿಷ್ಠ ಎರಡು ನಿಮಿಷ ಸುಮ್ಮನೆ ನೋಡಿ ಅಂಕ ಹಾಕಿ, ಮುಗಿದ ಮೇಲೆ ಮತ್ತೆ ಹಾಕಿ. ಬರೆಯುವುದು ಹೀಗಿರಲಿ: “ಡ್ರೆಸ್ಸಿಂಗ್‌ಗೆ ಮುಂಚೆ ಫ್ಲ್ಯಾಕ್ 7, ಉಸಿರು 44. ಹೊಸ ಹಾಡು, ಯುಕುಲೇಲಿ, 124ರಿಂದ 76. ಆರನೇ ನಿಮಿಷದಿಂದ ಕೊನೆಯ ಪದ ತಾನೇ ತುಂಬಿದ. ಪಟ್ಟಿ ಬಿಚ್ಚುವಾಗ ಮತ್ತೆ 8. ಮುಗಿದು ಐದು ನಿಮಿಷಕ್ಕೆ 3, ಉಸಿರು 30. ಅಜ್ಜಿ ಜೊತೆಗಿದ್ದರು.” ಆ 8ನ್ನು ಬಿಟ್ಟು ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ಮುಂದಿನ ಡ್ರೆಸ್ಸಿಂಗ್‌ಗೆ ನೋವಿನ ಔಷಧಿ ಹೆಚ್ಚಿಸಬೇಕೆಂದು ಡಾಕ್ಟರಿಗೆ ಹೇಳುವುದು ಆ ಅಂಕಿಯೇ.

ನಾಡಿ ಏರಿತು ಇಳಿಯಿತು ಎಂದು ಬರೆಯುವಾಗ ಕಾರಣ ಹುಡುಕಿ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ಸುಮಾರು ಹತ್ತು ಏರುತ್ತದೆ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ನೆಬ್ಯುಲೈಸೇಷನ್ ಆದ ಮೇಲೂ ಏರುತ್ತದೆ. ಅದು ತಾನಾಗಿ ಇಳಿದದ್ದನ್ನು ಹಾಡಿನ ಲೆಕ್ಕಕ್ಕೆ ಬರೆದುಕೊಂಡರೆ, ಡಾಕ್ಟರ್‌ಗಳು ನಿಮ್ಮ ಬೇರೆ ಅಂಕಿಗಳನ್ನೂ ನಂಬುವುದಿಲ್ಲ.

ಬೆಂಗಳೂರಿನ ವಾರ್ಡು ಒಂದು ಭಾಷೆಯದಲ್ಲ. ವಾಣಿವಿಲಾಸಕ್ಕಾಗಲಿ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಾಗಲಿ, ಕಿದ್ವಾಯಿಗಾಗಲಿ ರಾಯಚೂರು, ಕಲಬುರಗಿಯಿಂದಲೂ ಬರುತ್ತಾರೆ, ಅನಂತಪುರ, ಹೊಸೂರು ಕಡೆಯಿಂದಲೂ ಬರುತ್ತಾರೆ. ಮಗುವಿನ ಹೆಸರು ಸೇರಿಸಿ ಹಾಡುವ ಒಂದು ಸ್ವಾಗತದ ಧಾಟಿ, ಒಂದು ಬೀಳ್ಕೊಡುವ ಧಾಟಿ ಸದಾ ಒಂದೇ ಇರಲಿ. “ಬಂದೆ”, “ಆಯ್ತು”, “ನಾಳೆ”, “ನೋವಾ”, “ಸಾಕಾ” ಎಂಬ ಐದು ಪದಗಳನ್ನು ತೆಲುಗು, ತಮಿಳು, ದಖ್ಖನಿ, ಹಿಂದಿಯಲ್ಲಿ ಕಲಿತರೆ ಅದೇ ಧಾಟಿಯಲ್ಲಿ ಕೂರಿಸಬಹುದು. ದೇವರ ಹಾಡು ಕೇಳದೆ ಶುರುಮಾಡಬೇಡಿ. ಯಾರ ಮನೆಯ ದೇವರು ಯಾವುದೋ, ಆ ದಿನ ಆ ಅಮ್ಮನಿಗೆ ದೇವರ ಮೇಲೆ ಎಷ್ಟು ಸಿಟ್ಟಿದೆಯೋ ನಮಗೆ ಗೊತ್ತಿರುವುದಿಲ್ಲ. ಫೋನ್ ತೆಗೆದು ವಿಡಿಯೊ ಮಾಡಬೇಡಿ, ಮನೆಯವರೇ ಕೇಳಿದರೂ ಆಸ್ಪತ್ರೆಯ ಲಿಖಿತ ಒಪ್ಪಿಗೆಯಿಲ್ಲದೆ ಬೇಡ.

ಸೇರುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ನಾನು ಹಾಡುವಾಗ ಪಕ್ಕದಲ್ಲಿ ನಿಂತು ನೋಡುವವರು ಯಾರು, ವಾರಕ್ಕೆ ಎಷ್ಟು ಗಂಟೆ? ಅಮೆರಿಕನ್ ಮ್ಯೂಸಿಕ್ ಥೆರಪಿ ಅಸೋಸಿಯೇಷನ್ ಒಟ್ಟು 1200 ಗಂಟೆಗಳ ತರಬೇತಿ ಕೇಳುತ್ತದೆ, ಅದರಲ್ಲಿ ಕನಿಷ್ಠ 900 ಇಂಟರ್ನ್‌ಶಿಪ್‌ನದು. ಇಲ್ಲಿ ಕೆಲವು ವಾರದ ಪ್ರಮಾಣಪತ್ರ ಹಿಡಿದು ಬಂದವರನ್ನು ಒಂಟಿಯಾಗಿ ವಾರ್ಡಿಗೆ ಬಿಡುವ ಕಡೆಗೆ ಹೋಗಬೇಡಿ. ಕೊನೆಯ ದಿನಗಳಲ್ಲಿರುವ ಮಗುವಿನ ಎದೆಬಡಿತ ರೆಕಾರ್ಡ್ ಮಾಡಿ ಹಾಡಿಗೆ ಸೇರಿಸಿ ಮನೆಯವರಿಗೆ ಕೊಡುವಂಥ ಕೆಲಸವೂ ಈ ವೃತ್ತಿಯಲ್ಲಿದೆ. ಅದನ್ನು ಇಂಟರ್ನ್ ಒಬ್ಬರೇ ಮಾಡುವಂತಿಲ್ಲ, ಮಾಡಿದ ದಿನ ಸಂಜೆ ಮೇಲ್ವಿಚಾರಕರೊಂದಿಗೆ ಕೂತು ಮಾತಾಡದೆ ಮನೆಗೆ ಹೋಗುವಂತೆಯೂ ಇಲ್ಲ.

ನೀವು ಬಿಟ್ಟುಹೋಗುವ ದಿನವನ್ನು ಡಯಾಲಿಸಿಸ್, ಕೀಮೋಗೆಂದು ಮತ್ತೆ ಮತ್ತೆ ಬರುವ ಮಕ್ಕಳಿಗೆ ಎರಡು ವಾರ ಮುಂಚೆಯೇ ಹೇಳಿ. ಪ್ರತಿ ಸಲ “ಇನ್ನು ಮೂರು ಸಲ”, “ಇನ್ನು ಎರಡು ಸಲ” ಎಂದು ಎಣಿಸಿ. ಮುಂದೆ ಬರುವ ಇಂಟರ್ನ್‌ಗೆ ಒಂದೊಂದು ಮಗುವಿಗೂ ಒಂದೊಂದು ಕಾರ್ಡ್ ಬರೆದು ಮೇಲ್ವಿಚಾರಕರ ಕೈಗೆ ಕೊಡಿ: ಯಾವ ಶ್ರುತಿ, ಯಾವ ವೇಗದಿಂದ ಶುರು, ಸೂಜಿಯ ಹಾಡು ಯಾವುದು, ಸಮಾಧಾನದ ಹಾಡು ಯಾವುದು, ಯಾವ ಕೈಗೆ ಶೇಕರ್, ಯಾವ ಸದ್ದಿಗೆ ಬೆಚ್ಚುತ್ತದೆ, ಅಮ್ಮ ಹಾಡುತ್ತಾರೋ ಅಜ್ಜಿಯೋ, ಸಾಕೆನಿಸಿದಾಗ ಮಗು ಏನು ಮಾಡುತ್ತದೆ.